ಎಡಕ್ಕೆ ಮಾ ತೆರೇಜ್

ನನ್ನ ಬಾಯಿ ಕೆಟ್ಟದ್ದು ಎಂದು ನಮ್ಮ ದ್ವೀಪದ ಆನ್ಸ್ ಪಾಲ್ಮಿ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೇಳದಿದ್ದರೂ ಹೇಳುತ್ತಾರೆ. ಹೇಳಿಕೊಳ್ಳಲಿ. ಮಿನಿಬಸ್ಸಿನ ಮುಂದಿನ ಸೀಟಿನಲ್ಲಿ, ಗಂಡನ ಎಡಕ್ಕೆ ಕೂತು, ಬೆಳಗಿನಿಂದ ಸಂಜೆಯವರೆಗೆ ಅವನ ತಲೆ ತಿನ್ನುವ ಹೆಂಗಸು ನಾನು.

"ಎಡಕ್ಕೆ ಗುಂಡಿ. ಬಿದ್ದು ನೋಡ್ಬೇಕಾ? ಬಲಕ್ಕೆ ತಗೋ."

"ಮುಂದೆ ಮೇಕೆ. ಅದನ್ನ ಕೊಂದ್ರೆ ಅದರ ಯಜಮಾನನ್ನ ಜೀವಮಾನ ಪೂರ್ತಿ ನೀನೇ ಸಾಕ್ಬೇಕು, ನೋಡ್ಕೋ."

"ಎಡಕ್ಕೆ ಮಾ ತೆರೇಜ್, ಜಗಲಿ ಮೇಲೆ ನಿಂತಿದಾಳೆ. ಹಾರ್ನ್ ಹೊಡಿ. ಕೈ ಎತ್ತು. ಸವೆದು ಹೋಗಲ್ಲ ನಿನ್ನ ಕೈ."

ಹಿಂದೆ ಕೂತವರು ನಗುತ್ತಾರೆ. "ಪ್ಲಾಸಿಡ್, ಈ ರೇಡಿಯೋ ಎಲ್ಲಿ ತಗೊಂಡೆ ಮಾರಾಯ? ಆಫ್ ಮಾಡೋ ಗುಂಡೀನೇ ಇಲ್ವಲ್ಲ!" ಎಂದು ಒಬ್ಬ. "ರೇಡಿಯೋ ಅಲ್ಲ, ಕಾವಲು. ಹುಡುಗೀರು ಎತ್ತಾಕ್ಕೊಂಡು ಹೋದ್ರೆ?" ಎಂದು ಇನ್ನೊಬ್ಬ. "ಈ ಹೊಟ್ಟೇನಾ? ಎತ್ತೋಕೆ ಕ್ರೇನ್ ತರ್ಬೇಕು" ಎಂದು ನಾನೂ ಅವರ ಜೊತೆ ನಗುತ್ತೇನೆ. ನಗದೆ ಏನು ಮಾಡಲಿ? ನನ್ನ ಗಂಡನಿಗೆ ಎಡಗಡೆ ಕಾಣುವುದಿಲ್ಲ. ಬಲಗಡೆಯೂ ಹೋಗುತ್ತಿದೆ. ನೇರಕ್ಕೆ ಮಾತ್ರ, ಬಾಗಿಲ ಸಂದಿಯಿಂದ ನೋಡಿದ ಹಾಗೆ ಒಂದಿಷ್ಟು ಉಳಿದಿದೆ. ಇದು ಅವನಿಗೆ, ನನಗೆ, ಪಟ್ಟಣದ ಆಸ್ಪತ್ರೆಯ ಕಣ್ಣಿನ ಡಾಕ್ಟರಮ್ಮನಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ.

ಡಾಕ್ಟರಮ್ಮ ಚಿಕ್ಕ ಹುಡುಗಿ. ಮುಖ ಗಂಟು ಹಾಕಿಕೊಂಡು ಹೇಳಿದಳು. "ಕಣ್ಣೊಳಗಿನ ಒತ್ತಡ ಜಾಸ್ತಿಯಾಗಿ ನರ ಒಣಗಿಹೋಗಿದೆ ಅಂಕಲ್. ನೋವಾಗಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಹೋಗಿದ್ದು ಹೋಯ್ತು, ಅದು ವಾಪಸ್ ಬರಲ್ಲ. ಉಳಿದಿರೋದನ್ನ ಸ್ವಲ್ಪ ದಿನ ಹಿಡಿದಿಟ್ಕೋಬಹುದು, ಅಷ್ಟೆ. ಗಾಡಿ ಓಡಿಸೋದನ್ನ ಇವತ್ತೇ ಬಿಡಿ."

ಪ್ಲಾಸಿಡ್ ತಲೆಯಾಡಿಸಿದ. ಹೊರಗೆ ಬಂದು, ಬಸ್ಸು ಹತ್ತಿ, ಕೀಲಿ ತಿರುಗಿಸಿ, ಮನೆಯವರೆಗೂ ಓಡಿಸಿಕೊಂಡು ಬಂದ. ಆವತ್ತು ನಾನು ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಮಾರನೆಯ ದಿನ ಮಾರುಕಟ್ಟೆಯ ನನ್ನ ತರಕಾರಿ ಮಂಕರಿಯನ್ನು ತಂಗಿಗೆ ಕೊಟ್ಟು ಬಂದು ಮುಂದಿನ ಸೀಟಿನಲ್ಲಿ ಕೂತೆ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಬಿಡು ಅಂತ ಹೇಳಬೇಕಿತ್ತು, ಅಲ್ವಾ? ಹೇಳಿದ್ದೆ. ಒಂದು ರಾತ್ರಿಯಲ್ಲ, ಎಷ್ಟೋ ರಾತ್ರಿ. ಅವನು ಒಂದೇ ಮಾತು ಹೇಳುತ್ತಿದ್ದ. "ಅಪ್ಪನ ಮೆಟ್ಟಿಲ ಮೇಲೆ ನನ್ನ ಕೂರಿಸ್ಬೇಡ ಫೊನ್ಸಿನ್."

ಅವನ ಅಪ್ಪನನ್ನು ನಾನು ಮದುವೆಯಾಗಿ ಬಂದಾಗ ನೋಡಿದ್ದೇನೆ. ಇದೇ ಕಾಯಿಲೆ, ಆಗ ಅದಕ್ಕೆ ಹೆಸರಿರಲಿಲ್ಲ. ಮನೆಯ ಮುಂದಿನ ಮೆಟ್ಟಿಲ ಮೇಲೆ ಬೆಳಗ್ಗೆ ಕೂರಿಸಿದರೆ ಸಂಜೆ ಎತ್ತುವುದು. ರಸ್ತೆಯಲ್ಲಿ ಹೆಜ್ಜೆ ಸಪ್ಪಳವಾದರೆ ಸಾಕು, ಕತ್ತು ಆ ಕಡೆಗೆ ತಿರುಗಿಸಿ "ಯಾರದು?" ಎನ್ನುತ್ತಿದ್ದ. ಮೊದಮೊದಲು ಜನ ನಿಂತು ಹೆಸರು ಹೇಳುತ್ತಿದ್ದರಂತೆ. ಆಮೇಲೆ ನಡೆಯುತ್ತಲೇ ಹೇಳಿದರು. ನಾನು ಬರುವ ಹೊತ್ತಿಗೆ ಯಾರೂ ಹೇಳುತ್ತಿರಲಿಲ್ಲ. ಮುದುಕ ನಾಯಿ ಹೋದರೂ "ಯಾರದು?" ಅನ್ನುತ್ತಿದ್ದ, ಗಾಳಿಗೆ ಬ್ರೆಡ್‌ಫ್ರೂಟ್ ಮರದ ಎಲೆ ಉರುಳಿದರೂ "ಯಾರದು?" ಅನ್ನುತ್ತಿದ್ದ. ಆ ಮೆಟ್ಟಿಲು ಈಗಲೂ ಅಲ್ಲೇ ಇದೆ. ನಾವು ಆ ಮನೆಯಲ್ಲೇ ಇದ್ದೇವೆ. ಪ್ಲಾಸಿಡ್ ಅದನ್ನು ದಾಟಿಕೊಂಡು ಹೋಗುತ್ತಾನೆಯೇ ಹೊರತು ಒಂದು ದಿನವೂ ಅದರ ಮೇಲೆ ಕೂತವನಲ್ಲ.

ಅದಕ್ಕೇ ನಾನು ಅವನ ಕಣ್ಣಾಗುತ್ತೇನೆ ಅಂದುಕೊಂಡೆ. ಬಾಯಿ ಹೇಗೂ ಇತ್ತಲ್ಲ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ: ನಾನು ಬೈದಿದ್ದೇನೆ, ಕೂಗಿದ್ದೇನೆ, ಮೂರು ಕಾಸಿಗೆ ಅವನ ಮಾನ ಕಳೆದಿದ್ದೇನೆ, ಆದರೆ ಅವನಿಗೆ ಸುಳ್ಳು ಹೇಳಿರಲಿಲ್ಲ. ಗುಂಡಿ ಅಂದರೆ ಗುಂಡಿ ಇತ್ತು. ಮೇಕೆ ಅಂದರೆ ಮೇಕೆ ಇತ್ತು. ಅವನು ನನ್ನ ಬಾಯಿಯನ್ನು ನಂಬಿ ಸ್ಟೇರಿಂಗ್ ತಿರುಗಿಸುತ್ತಿದ್ದ.

ನಮ್ಮ ಊರಿನಲ್ಲಿ ಕೊಲೆ ಮಾಡಿದವನನ್ನು ಕ್ಷಮಿಸಿಯಾರು, ಎದುರು ಸಿಕ್ಕಾಗ ನಮಸ್ಕಾರ ಹೇಳದವನನ್ನು ಕ್ಷಮಿಸುವುದಿಲ್ಲ. ಅಂಗಡಿಗೆ ಹೋಗಿ ಮೊದಲು "ಗುಡ್ ಮಾರ್ನಿಂಗ್" ಅನ್ನದೆ ಸಕ್ಕರೆ ಕೇಳಿದರೆ, ಸಕ್ಕರೆ ಖಾಲಿ ಅನ್ನುತ್ತಾರೆ, ಮೂಟೆ ಕಣ್ಣೆದುರಿಗೇ ಇದ್ದರೂ. ಇನ್ನು ಡ್ರೈವರ್ ಅಂದರೆ ಕೇಳಬೇಕೆ? ಪ್ರತಿ ಜಗಲಿಗೆ, ಪ್ರತಿ ಮರದ ನೆರಳಿಗೆ ಹಾರ್ನ್ ಹೊಡೆದು ಕೈ ಎತ್ತಬೇಕು. ಪ್ಲಾಸಿಡ್‌ನ ಹಾರ್ನ್ ಇಡೀ ಕರಾವಳಿಗೆ ಗೊತ್ತು: ಎರಡು ಚಿಕ್ಕದು, ಒಂದು ಉದ್ದ. ಬಾಳೆಗೊನೆಯ ಲಾರಿ ಓಡಿಸುತ್ತಿದ್ದ ಕಾಲದಿಂದ ಅದೇ. ಆಗ ಅವನೂ ಅವನ ಸ್ನೇಹಿತ ಎವರಿಸ್ತ್‌ನೂ ಜೋಡಿ. ಬಂದರಿಗೆ ಇಬ್ಬರ ಲಾರಿಗಳು ಹಿಂದೆಮುಂದೆ ಹೋಗುತ್ತಿದ್ದವು. ಒಬ್ಬನ ಟೈರ್ ಪಂಚರಾದರೆ ಇನ್ನೊಬ್ಬ ನಿಲ್ಲುತ್ತಿದ್ದ. ನನ್ನ ಮಗಳಿಗೆ ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸಿದ ದಿನ ಜ್ಞಾನತಂದೆಯಾಗಿ ಮಗುವನ್ನು ಎತ್ತಿಕೊಂಡವನು ಎವರಿಸ್ತ್. ಆ ಮಗಳು ಈಗ ಬೇರೆ ದ್ವೀಪದಲ್ಲಿ ಗಂಡನ ಮನೆಯಲ್ಲಿದ್ದಾಳೆ.

ಹೋದ ವರ್ಷ ಎವರಿಸ್ತ್‌ನ ಹೆಂಡತಿ ಸತ್ತಳು. ಮಣ್ಣಿನ ದಿನ ಚರ್ಚಿನ ಬಾಗಿಲಲ್ಲಿ ಅವನು ಕಪ್ಪು ಕೋಟು ಹಾಕಿ ನಿಂತಿದ್ದ. ನಾವೆಲ್ಲ ಸಾಲಾಗಿ ಹೋಗಿ ಕೈ ಹಿಡಿದು ಮಾತಾಡಿಸಿ ಹೊರಡಬೇಕು. ನಾನು ಪ್ಲಾಸಿಡ್‌ನ ಹಿಂದೆಯೇ ಇದ್ದೆ. ಎವರಿಸ್ತ್ ಅತ್ತೂ ಅತ್ತೂ ಊದಿದ ಮುಖದಲ್ಲಿ ಇವನನ್ನು ನೋಡಿ, ಬೇರೆ ಯಾರಿಗೂ ಚಾಚದಷ್ಟು ಮುಂದಕ್ಕೆ ಕೈ ಚಾಚಿದ. ಎಡಗಡೆಯಿಂದ. ನನ್ನ ಗಂಡ ನೇರಕ್ಕೆ ನೋಡಿಕೊಂಡು ಆ ಕೈ ದಾಟಿ ನಡೆದುಹೋದ.

ಸಾಲಿಗೆ ಸಾಲೇ ನಿಂತುಬಿಟ್ಟಿತು. ನಾನು ಆ ಕೈ ಹಿಡಿದುಕೊಂಡೆ. ಎವರಿಸ್ತ್ ಕಿತ್ತುಕೊಂಡ. ಆಸ್ಪತ್ರೆಗೆ ನಾನು ಪ್ಲಾಸಿಡ್‌ನನ್ನು ಎಳೆದುಕೊಂಡು ಹೋದದ್ದು ಅದಾದ ಮೇಲೆಯೇ.

ಅಲ್ಲಿಂದ ಎವರಿಸ್ತ್ ಪ್ಲಾಸಿಡ್ ಜೊತೆ ಮಾತು ಬಿಟ್ಟ. ಹೊಸ ಬಸ್ಸು ಬಂದ ಮೇಲೆ ಪ್ಲಾಸಿಡ್‌ನಿಗೆ ಸೊಕ್ಕು ಬಂದಿದೆ ಎಂದು ಊರೆಲ್ಲ ಹೇಳಿಕೊಂಡು ಬಂದ. ನಾನು ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಒಂದು ಮಾತು ಹೇಳಿದರೆ ಬಸ್ಸೂ ಮುಗಿಯುತ್ತಿತ್ತು. ಎವರಿಸ್ತ್‌ನ ಮೊಮ್ಮಗಳು ನಮ್ಮ ಬಸ್ಸಿನಲ್ಲೇ ಶಾಲೆಗೆ ಹೋಗುತ್ತಾಳೆ. ಗೊತ್ತಾದ ಮೇಲೆ ಅವನು ಸುಮ್ಮನಿರುವವನಲ್ಲ. ಇರಬಾರದು ಕೂಡ. ಹೀಗೆ ನಾವು ಸ್ನೇಹಿತನನ್ನು ಬಿಟ್ಟು ಬಸ್ಸು ಉಳಿಸಿಕೊಂಡೆವು.

ಬೇರೆಯವರಾದರೂ ಮುನಿಸಿಕೊಳ್ಳದಿರಲಿ ಎಂದು ಅಂದಿನಿಂದ ಪ್ರತಿ ಜಗಲಿಯನ್ನೂ ನಾನು ಕೂಗಿ ಹೇಳತೊಡಗಿದೆ. ಎಡಕ್ಕೆ ಮಾ ತೆರೇಜ್. ಎಡಕ್ಕೆ ಕ್ಲೋವಿಸ್. ಎಡಕ್ಕೆ ಪಾದ್ರಿ ಮನೆಯ ಅಡುಗೆಯವಳು. ಅವನು ಹಾರ್ನ್ ಹೊಡೆದು ಕೈ ಎತ್ತುತ್ತಿದ್ದ. ಜನ ಸಂತೋಷಪಟ್ಟರು. ಪ್ಲಾಸಿಡ್ ಸರಿಹೋದ, ಹೆಂಡತಿ ಬೈದು ಬೈದು ದಾರಿಗೆ ತಂದಳು ಅಂದರು.

ಭಾನುವಾರ ಸಂಜೆ ಗ್ರಾಂ ಮೋರ್ನ್ ಗುಡ್ಡದ ತಿರುವಿಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಚರ್ಚು, ಊಟ, ನಿದ್ದೆ ಎಲ್ಲ ಮುಗಿಸಿಕೊಂಡು ಜನ ಗುಡ್ಡ ಹತ್ತುತ್ತಾರೆ. ರಸ್ತೆ ಸಮುದ್ರದ ನೆತ್ತಿಯ ಮೇಲೆ ಬಾಗುವಲ್ಲಿ ಕಬ್ಬಿಣದ ಕಂಬಿ, ನಾಲ್ಕಾರು ಸಿಮೆಂಟು ಬೆಂಚು. ಮಾ ತೆರೇಜ್ ಅಲ್ಲಿ ಉಪ್ಪುಮೀನಿನ ವಡೆ ಕರಿಯುತ್ತಾಳೆ. ಎವರಿಸ್ತ್ ಕೈಗಾಡಿಯಲ್ಲಿ ಎಳನೀರು ಇಟ್ಟುಕೊಂಡಿರುತ್ತಾನೆ. ಸೂರ್ಯ ನೇರ ನೀರಿಗೆ ಇಳಿಯುತ್ತಾನೆ. ಬಾನಂಚಿನಲ್ಲಿ ಮೋಡವಿಲ್ಲದಿದ್ದರೆ, ಕೊನೆಯ ಚೂರು ಮುಳುಗುವಾಗ ಒಮ್ಮೊಮ್ಮೆ ಹಸಿರು ಮಿಂಚುತ್ತದೆ. ಕಣ್ಣು ಮಿಟುಕಿಸಿದರೆ ಇಲ್ಲ. ಅದನ್ನು ನೋಡಲೆಂದೇ ಪರದೇಶದವರು ಬರುತ್ತಾರೆ.

ಅದು ಬರುವ ಹೊತ್ತಿಗೆ ಸರಿಯಾಗಿ ಕೂಗಿ ಹೇಳುವವನು ಪ್ಲಾಸಿಡ್. "ಈಗ! ಹಸಿರು! ನೋಡಿ!" ಎಂದು ಅವನ ದೊಡ್ಡ ಗಂಟಲಲ್ಲಿ ಕೂಗಿದರೆ ಜನ ಹೋ ಅನ್ನುತ್ತಾರೆ. ಕಂಡಿತೋ ಇಲ್ಲವೋ ಎಂದು ಅನುಮಾನವಿದ್ದವರಿಗೂ ಅವನು ಕೂಗಿದ ಮೇಲೆ ಕಂಡಂತಾಗುತ್ತದೆ. ಅತಿಥಿಗೃಹದವರು ಅವನ ಬಸ್ಸನ್ನೇ ಹೇಳಿ ಕಳಿಸುವುದು ಅದಕ್ಕೆ. ಕಣ್ಣು ಹೋಗತೊಡಗಿದ ಮೇಲೆ ನಾನು ಪಕ್ಕದಲ್ಲಿ ನಿಂತು, ಹೊತ್ತಿಗೆ ಸರಿಯಾಗಿ ಮೊಣಕೈಯಿಂದ ಅವನ ಪಕ್ಕೆಗೆ ತಿವಿಯುತ್ತಿದ್ದೆ. ತಿವಿದೊಡನೆ ಕೂಗುತ್ತಿದ್ದ. ಒಮ್ಮೆಯೂ ತಪ್ಪಿರಲಿಲ್ಲ.

ಆ ಭಾನುವಾರ ಅತಿಥಿಗೃಹದ ಇಬ್ಬರು ನಮ್ಮ ಬಸ್ಸಿನಲ್ಲಿದ್ದರು, ಬಿಳಿಯ ಮುದುಕ ಮುದುಕಿ, ಒಂದೇ ಥರದ ಟೋಪಿ. ಮಾ ತೆರೇಜ್ ತನ್ನ ಬಾಣಲೆ ಒಲೆ ಸಮೇತ ಹಿಂದೆ ಕೂತಿದ್ದಳು. ಗುಡ್ಡ ಹತ್ತುವಾಗ ಬಿಸಿಲು ನೇರ ಗಾಜಿಗೆ ಹೊಡೆಯುತ್ತದೆ. ನಮಗೇ ಕಣ್ಣು ಬಿಡಲಾಗುವುದಿಲ್ಲ. ಪ್ಲಾಸಿಡ್‌ನ ಕೈ ಸ್ಟೇರಿಂಗ್ ಮೇಲೆ ಬೆವರುತ್ತಿತ್ತು.

"ಎಡಕ್ಕೆ, ಎಡಕ್ಕೆ ತಗೋ," ಎಂದೆ ಮೆಲ್ಲಗೆ.

"ಏನಿದೆ ಎದುರಿಗೆ?"

"ಲಾರಿ."

"ಕಾಣ್ತಿಲ್ಲ."

ಅವನು ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಲಾರಿ ನಮ್ಮ ಕನ್ನಡಿಯನ್ನು ಸವರಿಕೊಂಡು ಹೋಯಿತು. ಹಿಂದಿನಿಂದ ಮಾ ತೆರೇಜ್, "ಏನ್ರಪ್ಪಾ, ಮುದುಕೀನ ಎಣ್ಣೆ ಬಾಣಲೇಲೇ ಕರೀಬೇಕು ಅಂತಿದೀರಾ?" ಎಂದಳು. ಪರದೇಶದ ಹೆಂಗಸು ಚಪ್ಪಾಳೆ ತಟ್ಟಿದಳು. ಅವಳಿಗೆ ಎಲ್ಲವೂ ಮಜಾ.

ತಿರುವಿನಲ್ಲಿ ಇಳಿದಾಗ ಮಾ ತೆರೇಜ್ ಪ್ಲಾಸಿಡ್‌ನ ಎದುರಿಗೇ ಬಂದು ಹೇಳಿದಳು, "ವಾಪಸ್ ಹೋಗುವಾಗ ನನಗೆ ಕಾಯ್ಬೇಡ ಕಣಪ್ಪ. ಇವತ್ತು ಜನ ಜಾಸ್ತಿ. ಮಗ ಬಂದು ಕರ್ಕೊಂಡೋಗ್ತಾನೆ."

"ಸರಿ ಅಜ್ಜಿ. ವಡೆ ಉಳಿಸಿಡು," ಎಂದ ಪ್ಲಾಸಿಡ್.

ಅವನನ್ನು ಕಂಬಿಯ ಹತ್ತಿರ ನಿಲ್ಲಿಸಿದೆ. ಅವನು ಕಂಬಿ ಹಿಡಿದು ಎಂದಿನಂತೆ ಎದೆಯುಬ್ಬಿಸಿದ. ಟೋಪಿಯ ದಂಪತಿ ಅವನ ಅಕ್ಕಪಕ್ಕ ನಿಂತು ಕ್ಯಾಮೆರಾ ತೆಗೆದರು. ಅವನು ಅವರಿಗೆ ಬಾಳೆಗೊನೆಯ ಕಾಲದ ಕತೆ ಹೇಳತೊಡಗಿದ. ಸೂರ್ಯ ಇನ್ನೂ ಗೇಣು ಮೇಲಿದ್ದ. ಅಂಚಿಗಿಂತ ತುಸು ಮೇಲೆ ಒಂದು ಉದ್ದನೆಯ ಮೋಡ ಅಡ್ಡ ಮಲಗಿತ್ತು. ಇನ್ನೂ ಹೊತ್ತಿದೆ ಎಂದು ನಾನು ಆ ಪರದೇಶದವರಿಗೆ ಎಳನೀರು ತರಲು ಹೊರಟೆ. ಎಳನೀರು ಇದ್ದದ್ದು ಎವರಿಸ್ತ್‌ನ ಹತ್ತಿರ ಮಾತ್ರ.

"ಗುಡ್ ಈವ್ನಿಂಗ್ ಎವರಿಸ್ತ್," ಎಂದೆ. ನಾನು ಯಾವತ್ತೂ ನಮಸ್ಕಾರ ತಪ್ಪಿಸಿದವಳಲ್ಲ.

ಅವನು ಮಚ್ಚಿನಿಂದ ಕಾಯಿಯ ತಲೆ ಹಾರಿಸಿದ. "ನಿನಗೆ ಗುಡ್ ಈವ್ನಿಂಗ್. ಸಾಹೇಬರು ಕಾಲ್ನಡಿಗೇಲಿ ಬರಲ್ವಾ ಎಳನೀರಿಗೆ? ಇಲ್ಲಿವರೆಗೂ ಬಂದ್ರೆ ಬೂಟಿಗೆ ಧೂಳಾಗುತ್ತಾ?"

"ಎರಡು ಕಾಯಿ ಕೊಡು. ಬಾಯಿ ಯಾಕೆ?"

"ಬಾಯಿ ನಿಮ್ಮನೇಲಿ ಒಂದೇ ಸಾಕು ಬಿಡು."

"ಹೂಂ, ಸಾಕು. ಅದನ್ನ ಇಟ್ಕೊಂಡೇ ಊರು ತುಂಬಾ ಗಂಡನ ಮೇಲೆ ನೀನು ಹೊರಿಸಿದ್ದನ್ನೆಲ್ಲ ಕೇಳಿಸ್ಕೊಂಡು ಸುಮ್ನಿದೀನಿ."

"ಹೊರಿಸಿದ್ದಾ?" ಅವನು ಮಚ್ಚು ಕೆಳಗಿಟ್ಟ. "ನನ್ನ ಹೆಂಡ್ತಿ ಪೆಟ್ಟಿಗೆ ಒಳಗಡೆ ಇತ್ತು ಫೊನ್ಸಿನ್. ನಾನು ಕೈ ಚಾಚಿದೆ. ಊರೆಲ್ಲ ನೋಡ್ತು. ನಾಯಿಗಾದ್ರೂ ಒಂದು ಸಲ ತಿರುಗಿ ನೋಡ್ತಾರೆ. ನಲವತ್ತು ವರ್ಷದ ಸ್ನೇಹ! ಒಂದೇ ತಟ್ಟೇಲಿ ಉಂಡವರು ನಾವು. ನಾನೇನು ಮಾಡಿದ್ದೆ ಅವನಿಗೆ? ಅದನ್ನಾದ್ರೂ ಹೇಳು. ಒಂದು ವರ್ಷದಿಂದ ನಿದ್ದೆ ಬಿಟ್ಟು ಯೋಚಿಸ್ತಿದೀನಿ, ನಾನೇನು ಮಾಡಿದ್ದೆ ಅಂತ."

ನನಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಹೇಳಿಬಿಡೋಣ ಅನ್ನಿಸಿತು. ಲಾರಿ ನೆನಪಾಯಿತು, ಕನ್ನಡಿ ಸವರಿದ ಸದ್ದು ನೆನಪಾಯಿತು. ಅವನ ಮೊಮ್ಮಗಳ ಎರಡು ಜಡೆ ನೆನಪಾಯಿತು. "ಎವರಿಸ್ತ್, ಅವನು ನಿನ್ನ ಕೈ..." ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಸೂರ್ಯ ಆ ಉದ್ದನೆಯ ಮೋಡದ ಹಿಂದೆ ಸರಿದ. ಗುಡ್ಡದ ಮೇಲಿನ ಬೆಳಕು ಒಮ್ಮೆಲೇ ಇಳಿಯಿತು, ಮುಖದ ಮೇಲಿನ ಬಿಸಿಲು ಆರಿತು. ಜನ ಒಂದು ಕ್ಷಣ ಮಾತು ನಿಲ್ಲಿಸಿದರು.

"ಈಗ!" ಎಂದು ಕೂಗಿದ ಪ್ಲಾಸಿಡ್. "ಹಸಿರು! ಅದೋ ನೋಡಿ! ಕಂಡ್ತಾ? ಎಂಥ ಹಸಿರು!"

ಅವನ ತೋಳು ಸಮುದ್ರದ ಕಡೆಗೆ ಚಾಚಿತ್ತು. ಮೋಡದ ಕೆಳಗೆ ಆಕಾಶ ಇನ್ನೂ ಬಂಗಾರದ ಬಣ್ಣದಲ್ಲಿ ಉರಿಯುತ್ತಿತ್ತು. ಸೂರ್ಯ ಮುಳುಗುವುದಿರಲಿ, ನೀರನ್ನು ಮುಟ್ಟಿಯೂ ಇರಲಿಲ್ಲ. ಯಾರೂ ಹೋ ಅನ್ನಲಿಲ್ಲ. ಪ್ಲಾಸಿಡ್ ಕೈ ಹಾಗೇ ಇಟ್ಟುಕೊಂಡು, ಚಪ್ಪಾಳೆಗೆ ಕಾಯುತ್ತ, ನಗುತ್ತ ನಿಂತಿದ್ದ. ಆಮೇಲೆ ಟೋಪಿಯ ಮುದುಕ ಜೋರಾಗಿ ನಕ್ಕ. ಅವನು ನಕ್ಕಮೇಲೆ ಎಲ್ಲರೂ ನಕ್ಕರು, ಪ್ಲಾಸಿಡ್ ತಮಾಷೆ ಮಾಡಿದ ಎಂದುಕೊಂಡರು. ಅವರ ನಗು ಕೇಳಿ ಪ್ಲಾಸಿಡ್‌ನ ಮುಖ ಹೇಗಾಯಿತೆಂದು ನಾನು ನೋಡಿದೆ. ಕೈ ಕೆಳಗಿಳಿಸಿದ. ಪಕ್ಕಕ್ಕೆ ತಿರುಗಿ, ನಾನು ಇರಬೇಕಾದ ಜಾಗಕ್ಕೆ "ಫೊನ್ಸಿನ್?" ಎಂದ.

ಎವರಿಸ್ತ್ ನಗಲಿಲ್ಲ. ಅವನು ನನ್ನ ಮುಖ ನೋಡಿದ, ಪ್ಲಾಸಿಡ್‌ನ ಮುಖ ನೋಡಿದ. ಕೈಯನ್ನು ಅಂಗಿಗೆ ಒರೆಸಿಕೊಂಡು ಕಂಬಿಯ ಕಡೆಗೆ ನಡೆದ. ನಾನು ಹಿಂದೆ ಓಡಿದೆ. ಅವನು ಪ್ಲಾಸಿಡ್‌ನ ಎಡಕ್ಕೆ ಹೋಗಿ ನಿಂತು, ಸದ್ದಿಲ್ಲದೆ, ಚರ್ಚಿನ ಬಾಗಿಲಲ್ಲಿ ಚಾಚಿದ್ದ ಹಾಗೆಯೇ ಕೈ ಚಾಚಿದ.

ಪ್ಲಾಸಿಡ್ ಅಲುಗಲಿಲ್ಲ. ಎವರಿಸ್ತ್ ಆ ಕೈಯನ್ನು ನಿಧಾನವಾಗಿ ಮುಂದಕ್ಕೆ ತಂದ. ಕೆನ್ನೆಯ ಪಕ್ಕಕ್ಕೆ ಬಂತು, ಇಲ್ಲ. ಕಣ್ಣಿನ ಪಕ್ಕಕ್ಕೆ ಬಂತು, ಇಲ್ಲ. ಮೂಗಿನ ನೇರಕ್ಕೆ ಬಂದಾಗ ಪ್ಲಾಸಿಡ್ ಬೆಚ್ಚಿ ತಲೆ ಹಿಂದಕ್ಕೆ ತೆಗೆದ.

"ಯಾರದು?" ಎಂದ.

ಅವನ ಅಪ್ಪನ ದನಿಯೇ.

"ನಾನು," ಎಂದ ಎವರಿಸ್ತ್. ಪ್ಲಾಸಿಡ್‌ನ ಕೈಯನ್ನು ತಾನೇ ಎತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡ. "ನಾನು ಕಣೋ, ಎಮ್ಮೆ. ಹೇಳೋಕೇನಾಗಿತ್ತು ನಿನಗೆ? ಒಂದು ವರ್ಷ! ಒಂದು ವರ್ಷ ನಿನ್ನ ಶಪಿಸ್ಕೊಂಡು ಮಲಗಿದೀನಿ ನಾನು."

"ಏನು ಹೇಳೋದು?"

"ಕಣ್ಣು ಹೋಗಿದೆ ಅಂತ."

"ಹೋಗಿಲ್ಲ. ಎಡಗಡೆ ಸ್ವಲ್ಪ..."

"ಸೂರ್ಯ ಎಲ್ಲಿದಾನೆ ಹೇಳು ನೋಡೋಣ."

ಪ್ಲಾಸಿಡ್ ಸಮುದ್ರದ ಕಡೆಗೆ ಮುಖ ಮಾಡಿ, ಸೂರ್ಯನನ್ನು ಹುಡುಕುತ್ತ ಕತ್ತು ಆಡಿಸಿದ. ಎವರಿಸ್ತ್‌ನ ಮುಖದಲ್ಲಿ ಒಂದು ಹೊಸ ಯೋಚನೆ ಬಂದದ್ದನ್ನು ನಾನು ಕಂಡೆ. ಅದು ಬರುತ್ತದೆಂದು ನನಗೆ ಗೊತ್ತಿತ್ತು. ಅವನು ನನ್ನ ಕಡೆ ತಿರುಗಿದ.

"ಓಡಿಸ್ತಿರೋದು ಇವನೇ ಅಲ್ವಾ? ಬೆಳಗ್ಗೆ ಶಾಲೆ ಮಕ್ಕಳನ್ನ ಕೂರಿಸ್ಕೊಂಡು?"

"ನಾನು ಪಕ್ಕದಲ್ಲಿ ಇರ್ತೀನಿ."

"ನೀನು ಪಕ್ಕದಲ್ಲಿ ಇರ್ತೀಯ." ಅವನು ಹಲ್ಲು ಕಚ್ಚಿದ. "ನನ್ನ ಮೊಮ್ಮಗಳು ಅದರಲ್ಲಿ ಇರ್ತಾಳೆ ಫೊನ್ಸಿನ್."

"ಒಂದು ದಿನಾನೂ ಏನೂ ಆಗಿಲ್ಲ," ಎಂದ ಪ್ಲಾಸಿಡ್. "ಒಂದು ಗೀರು ಬಿದ್ದಿಲ್ಲ. ಇವಳನ್ನ ಕೇಳು."

"ಕೀಲಿ ಕೊಡು."

"ಎವರಿಸ್ತ್, ಬಸ್ಸು ಬಿಟ್ರೆ ನಾನು ಮೆಟ್ಟಿಲ ಮೇಲೆ ಕೂರ್ಬೇಕು. ನಿನಗೆ ಗೊತ್ತು, ನಮ್ಮಪ್ಪನ್ನ ನೀನು ನೋಡಿದೀಯ. ನೀನೂ ಕೊನೆ ಕೊನೆಗೆ ಅವನ ಮುಂದೆ ಸುಮ್ನೆ ದಾಟ್ಕೊಂಡು ಹೋಗ್ತಿದ್ದೆ. ನಾನೂ ಹೋಗ್ತಿದ್ದೆ, ಸ್ವಂತ ಮಗ. ಹೆಸರು ಹೇಳೋಕೆ ಬೇಜಾರಾಗಿ ತುದಿಗಾಲಲ್ಲಿ ದಾಟ್ತಿದ್ದೆ. ನನ್ನ ಅಲ್ಲಿ ಕೂರಿಸ್ಬೇಡ."

ಎವರಿಸ್ತ್ ಅಳುತ್ತಿದ್ದ. ಅಳುತ್ತಲೇ ಅಂಗೈ ಚಾಚಿ ನಿಂತಿದ್ದ. ಆ ಅಂಗೈ ಪ್ಲಾಸಿಡ್‌ನಿಗೆ ಕಾಣುತ್ತಿರಲಿಲ್ಲ.

"ಫೊನ್ಸಿನ್, ನೀನು ಹೇಳು," ಎಂದ ಪ್ಲಾಸಿಡ್. "ಎಂದಾದ್ರೂ ಏನಾದ್ರೂ ಆಗಿದೆಯಾ? ಹೇಳೇ. ಎಲ್ಲದಕ್ಕೂ ಬಾಯಿ ಇದೆಯಲ್ಲ ನಿನಗೆ."

ಹೇಳಬಹುದಿತ್ತು. ಇಲ್ಲ, ಏನೂ ಆಗಿಲ್ಲ ಅನ್ನಬಹುದಿತ್ತು. ಆದರೆ ಲಾರಿ ಕನ್ನಡಿ ಸವರಿತ್ತು.

"ಕೊಟ್ಬಿಡು," ಎಂದೆ.

ಅವನು ಜೇಬಿಗೆ ಕೈ ಹಾಕಿ ಕೀಲಿ ತೆಗೆದು, ಗಾಳಿಗೆ ಚಾಚಿದ. ಎವರಿಸ್ತ್ ಬಗ್ಗಿ ತೆಗೆದುಕೊಂಡ. ಹಿಂದೆ ಜನ ಜೋರಾಗಿ ಹೋ ಎಂದರು. ಟೋಪಿಯ ಹೆಂಗಸು ಕಿರುಚುತ್ತಿದ್ದಳು.

"ಬಂತಾ?" ಎಂದು ಕೇಳಿದ ಪ್ಲಾಸಿಡ್.

"ನಾನು ನೋಡ್ಲಿಲ್ಲ," ಎಂದೆ. ಅದು ನಿಜ. ನಾನು ಕೀಲಿ ನೋಡುತ್ತಿದ್ದೆ.

ಎವರಿಸ್ತ್ ಕೈಗಾಡಿಯನ್ನು ಮಾ ತೆರೇಜ್‌ಗೆ ಒಪ್ಪಿಸಿ ಬಂದು ಡ್ರೈವರ್ ಸೀಟಿಗೆ ಹತ್ತಿದ. ನನ್ನ ಸೀಟಿನಲ್ಲಿ ಪ್ಲಾಸಿಡ್‌ನನ್ನು ಕೂರಿಸಿದೆ. ಅವನು ಆ ಕಡೆಯ ಬಾಗಿಲಿನ ಹಿಡಿ ಎಲ್ಲಿದೆ ಎಂದು ತಡಕಾಡಿದ. ಅವನ ಬಸ್ಸಿನಲ್ಲಿ ಅವನು ಆ ಸೀಟಿನಲ್ಲಿ ಕೂತದ್ದೇ ಇಲ್ಲ. ನಾನು ಅವನ ಬೆನ್ನ ಹಿಂದೆ ಕೂತೆ.

ಬಸ್ಸು ಗುಡ್ಡ ಇಳಿಯಿತು. ಪರದೇಶದವರು ತಮ್ಮ ಕ್ಯಾಮೆರಾದಲ್ಲಿ ಹಸಿರು ಸಿಕ್ಕಿದೆಯೇ ಎಂದು ಹುಡುಕುತ್ತಿದ್ದರು. ಅತಿಥಿಗೃಹದ ಗೇಟಿನಲ್ಲಿ ಇಳಿದಾಗ ಆ ಹೆಂಗಸು ಕಿಟಕಿಯಿಂದ ಪ್ಲಾಸಿಡ್‌ನ ಭುಜ ತಟ್ಟಿ, "ನೀವು ತುಂಬಾ ತಮಾಷೆಯ ಮನುಷ್ಯ. ಮುಂದಿನ ವರ್ಷ ಬಂದಾಗ ನಿಮ್ಮ ಬಸ್ಸೇ ಬೇಕು," ಎಂದಳು.

"ಬನ್ನಿ ಬನ್ನಿ," ಎಂದ ಪ್ಲಾಸಿಡ್, ಅವಳು ಇಲ್ಲದ ಕಡೆಗೆ ನಗುತ್ತ.

ಊರು ಹತ್ತಿರ ಬಂತು. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಎವರಿಸ್ತ್ ಹಾರ್ನ್ ಒತ್ತಿದ. ಎರಡು ಚಿಕ್ಕದು, ಒಂದು ಉದ್ದ. ಅದು ಪ್ಲಾಸಿಡ್‌ನ ಹಾರ್ನ್. ಅವನು ಬೇಕೆಂದೇ ಹಾಗೆ ಹೊಡೆದ.

ಪ್ಲಾಸಿಡ್ ನೆಟ್ಟಗೆ ಕೂತ. "ಯಾರದು?"

"ಎಡಕ್ಕೆ ಕ್ಲೋವಿಸ್, ಅಂಗಡಿ ಬಾಗಿಲಲ್ಲಿ," ಎಂದೆ.

ಅವನು ಕಿಟಕಿಯಿಂದ ಕೈ ಹೊರಗೆ ಹಾಕಿ ಎತ್ತಿದ. ಕ್ಲೋವಿಸ್ ಬೆರಗಾಗಿ, ಯಾರು ಓಡಿಸುತ್ತಿದ್ದಾರೆ ಎಂದು ಬಗ್ಗಿ ನೋಡುತ್ತ, ಕೈ ಎತ್ತಿದ.

ಮತ್ತೆ ಹಾರ್ನ್. "ಯಾರದು?"

"ಎಡಕ್ಕೆ ಪಾದ್ರಿ ಮನೆ ಅಡುಗೆಯವಳು. ಕೋಳಿ ಗೂಡು ಮುಚ್ತಿದಾಳೆ."

ಕೈ ಎತ್ತಿದ. ಅವನ ಬೆನ್ನು ಸ್ವಲ್ಪ ಸಡಿಲವಾದಂತೆ ಕಂಡಿತು. ಹೀಗೇ ಆಗಬಹುದೇನೋ, ಎವರಿಸ್ತ್ ಓಡಿಸಬಹುದು, ಇವನು ಪಕ್ಕದಲ್ಲಿ ಕೂರಬಹುದು ಎಂದು ನನಗೆ ಒಂದು ಗಳಿಗೆ ಆಸೆ ಹುಟ್ಟಿತು. ಹುಚ್ಚು ನನಗೆ.

ಚರ್ಚು ದಾಟಿದ ಮೇಲೆ ರಸ್ತೆ ಖಾಲಿ. ಭಾನುವಾರ ಆ ಹೊತ್ತಿಗೆ ಜನ ಒಂದೋ ಗುಡ್ಡದ ಮೇಲೆ, ಇಲ್ಲ ಮನೆಯೊಳಗೆ. ಜಗಲಿಗಳ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಎವರಿಸ್ತ್ ಹಾರ್ನ್ ಹೊಡೆದ. ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಣ್ಣನ್ನು ಸಂಧಿಸಿತು. ಏನಾದರೂ ಹೇಳು ಎಂದು ಬೇಡಿಕೊಳ್ಳುತ್ತಿತ್ತು.

"ಯಾರದು?" ಎಂದ ಪ್ಲಾಸಿಡ್. ಕೈ ಆಗಲೇ ಕಿಟಕಿಯ ಮೇಲಿತ್ತು.

ನಾನು ಹೊರಗೆ ನೋಡಿದೆ. ಎಡಕ್ಕೆ ಮಾ ತೆರೇಜ್‌ಳ ಮನೆ. ಬಾಗಿಲಿಗೆ ಬೀಗ. ಜಗಲಿಯ ಮೇಲೆ ಅವಳ ಖಾಲಿ ಕುರ್ಚಿ. ಯಾವಾಗಲೂ ಆ ಜಾಗಕ್ಕೆ ಬಂದಾಗ ನನ್ನ ಬಾಯಲ್ಲಿ ಬರುವ ಮಾತೇ ಬಂತು.

"ಎಡಕ್ಕೆ ಮಾ ತೆರೇಜ್," ಎಂದೆ. "ಹೂಂ, ಕೈ ಎತ್ತು."

ಅವನು ಕೈ ಎತ್ತಿದ. ಎಲ್ಲರಿಗಿಂತ ಎತ್ತರಕ್ಕೆ, ತೋಳು ಪೂರ್ತಿ ಹೊರಗೆ ಹಾಕಿ. ಬಸ್ಸು ಆ ಮನೆ ದಾಟಿತು, ಅದರ ಪಕ್ಕದ ಮಾವಿನಮರ ದಾಟಿತು. ಕೈ ಹಾಗೇ ಇತ್ತು.

"ಮಾ ತೆರೇಜ್ ಗುಡ್ಡದ ಮೇಲೆ ಇದಾಳೆ," ಎಂದ ಮೆಲ್ಲಗೆ. "ಮಗ ಬರ್ತಾನೆ, ಕಾಯ್ಬೇಡ ಅಂದ್ಲಲ್ಲ. ನನ್ನ ಎದುರಿಗೇ ಅಂದ್ಲು."

ನನ್ನ ಬಾಯಿಗೆ, ಆ ಕೆಟ್ಟ ಬಾಯಿಗೆ, ಒಂದು ಮಾತೂ ಸಿಗಲಿಲ್ಲ. ಎವರಿಸ್ತ್ ರಸ್ತೆ ನೋಡುತ್ತಿದ್ದ. ಪ್ಲಾಸಿಡ್ ಕೈ ಒಳಗೆ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ಕಿಟಕಿಯ ಹಿಡಿ ಹುಡುಕಿ, ತಿರುಗಿಸಿ ತಿರುಗಿಸಿ, ಗಾಜು ಪೂರ್ತಿ ಏರಿಸಿದ.

ನಮ್ಮ ಮನೆಯ ತಿರುವಿನಲ್ಲಿ ಪಕ್ಕದ ಮನೆಯವರು ನಿಜವಾಗಿಯೂ ಹೊರಗೆ ನಿಂತಿದ್ದರು, ಗಂಡ, ಹೆಂಡತಿ, ಮಕ್ಕಳು, ಎಲ್ಲರೂ. ಬಸ್ಸು ನೋಡಿ ಕೈ ಎತ್ತಿದರು. ಎವರಿಸ್ತ್ ಹಾರ್ನ್ ಹೊಡೆದ, ಎರಡು ಚಿಕ್ಕದು, ಒಂದು ಉದ್ದ. ನಾನು ಮುಂದಕ್ಕೆ ಬಗ್ಗಿ ಕಾಯುತ್ತಿದ್ದೆ. ಪ್ಲಾಸಿಡ್ ಯಾರದು ಎಂದು ಕೇಳಲಿಲ್ಲ.